ಮನಸ್ಸಿನ ಪಡಿಯಚ್ಚು: ವೈಜ್ಞಾನಿಕ ಕಥೆಗಳ ಒಂದು ಸಮೀಕ್ಷೆ

ಮನುಷ್ಯನು ತನ್ನ ಬುದ್ಧಿಗೆ ಸರಿದೊರೆಯಾದ ಬುದ್ಧಿಯೊಂದನ್ನು ತಾನೇ ನಿರ್ಮಿಸಿದರೆ ಏನಾದೀತು, ತಾನು ಬಾಳುವ ಲೋಕಕ್ಕೆ ಪ್ರತಿಯಾದ ಲೋಕವೊಂದನ್ನು ಯಂತ್ರದೊಳಗೆ ಸೃಜಿಸಿದರೆ ಏನಾದೀತು, ಕೊನೆಗೆ ತನ್ನ ಮನಸ್ಸಿನದೇ ಪಡಿಯಚ್ಚನ್ನು ತೆಗೆದು ಆ ಲೋಕದಲ್ಲಿ ಬಿಟ್ಟರೆ ಏನಾದೀತು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಕಳೆದ ಇನ್ನೂರು ವರ್ಷಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದ ಕಥೆ, ಕಾದಂಬರಿ, ನಾಟಕಗಳ ರಾಶಿ ಬಲು ದೊಡ್ಡದು. ಅದರಲ್ಲಿ ಜೊಳ್ಳೂ ಬಹಳ ಉಂಟು. ಯಂತ್ರವು ಒಡೆಯನ ಮೇಲೆ ತಿರುಗಿಬೀಳುವುದು, ನಗರಗಳು ಉರಿದುಹೋಗುವುದು, ಕಡೆಗೊಬ್ಬ ಶೂರನು ಯಂತ್ರದ ಮರ್ಮಸ್ಥಾನವನ್ನು ಮುರಿದು ಮನುಷ್ಯಕುಲವನ್ನು ಉಳಿಸುವುದು, ಇವೆಲ್ಲ ಸಿನಿಮಾಗಳಿಂದಾಗಿ ಚಿಕ್ಕ ಮಕ್ಕಳಿಗೂ ಪರಿಚಿತವಾದ ಸಂಗತಿಗಳು. ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಆದರೆ ಈ ಸಾಹಿತ್ಯದ ಉತ್ತಮಾಂಶವನ್ನು ಕಾಲಕ್ರಮದಲ್ಲಿ ಓದುತ್ತ ಬಂದವರಿಗೆ ಅದರ ಒಡಲಲ್ಲಿ ಬೇರೊಂದು ಧಾರೆ ಹರಿಯುತ್ತಿರುವುದು ಕಾಣುತ್ತದೆ. ನಾವು ಮಾಡಿದ ಜೀವಿಯಿಂದ ನಮಗೇನು ಕೇಡು ಒದಗೀತೋ ಎಂಬ ಭಯವು ಬರಬರುತ್ತ ಹಿಂದೆ ಸರಿದು, ನಮ್ಮಿಂದ ಆ ಜೀವಿಗೆ ಏನು ಕೇಡು ಒದಗೀತೋ ಎಂಬ ಕಳವಳವು ಮುಂದೆ ಬಂದಿದೆ. ಈ ಕಳವಳವೇ ಈ ಸಾಹಿತ್ಯದ ನಿಜವಾದ ಸಾಧನೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಧಾರೆಯ ಮೂಲವು 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಲ್ಲಿಯೇ ಇದೆ. ವಿಕ್ಟರ್ ಫ್ರಾಂಕೆನ್‌ಸ್ಟೈನನು ಜೀವ ಕೊಟ್ಟು ಎಬ್ಬಿಸಿದ ಆ ಪ್ರಾಣಿಯನ್ನು ಲೋಕವು ರಾಕ್ಷಸನೆಂದೇ ನೆನೆಯುತ್ತದೆ. ಗ್ರಂಥವನ್ನು ಓದಿದವರಾದರೋ, ಅದರ ನಡುಭಾಗದಲ್ಲಿ ಆಲ್ಪ್ಸ್ ಪರ್ವತದ ಹಿಮದ ನಡುವೆ ಆ ಪ್ರಾಣಿಯು ತನ್ನ ಸೃಷ್ಟಿಕರ್ತನನ್ನು ಎದುರಿಗೆ ಕೂರಿಸಿಕೊಂಡು, ತಾನು ಮಾತು ಕಲಿತ ಬಗೆಯನ್ನೂ, ಕಂಡಕಂಡವರು ತನ್ನನ್ನು ಕಲ್ಲೆಸೆದು ಅಟ್ಟಿದ ಬಗೆಯನ್ನೂ ಹೇಳಿ, ಕಣ್ದೆರೆದ ಗಳಿಗೆಯಲ್ಲಿಯೇ ತನ್ನನ್ನು ತೊರೆದು ಓಡಿದವನ ಮೇಲೆ ದೋಷಾರೋಪಣೆ ಮಾಡುವುದನ್ನು ಬಲ್ಲರು. ಆ ಪ್ರಾಣಿಗೆ ಕಡೆಯವರೆಗೂ ಒಂದು ಹೆಸರಿಲ್ಲ. ಸೃಷ್ಟಿಸಿದವನಿಗೆ ಸೃಷ್ಟಿಯ ಬಗೆಗೆ ಋಣವುಂಟೆ ಎಂಬ ಪ್ರಶ್ನೆಯನ್ನು ಇನ್ನೂ ಇಪ್ಪತ್ತು ತುಂಬದ ತರುಣಿಯೊಬ್ಬಳು ಅಷ್ಟು ಸ್ಪಷ್ಟವಾಗಿ ಕೇಳಿದ್ದಳು. ಆಕೆಯ ಅನಂತರ ಬಂದವರಲ್ಲಿ ಹೆಚ್ಚಿನವರು ಅದನ್ನು ಮರೆತರು.

ಮರೆಯದವರಲ್ಲಿ ಮೊದಲಿಗನು ಚೆಕ್ ನಾಟಕಕಾರ ಕಾರೆಲ್ ಚಾಪೆಕ್. ರೋಬಾಟ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟ ಅವನ ‘ಆರ್. ಯು. ಆರ್.’ ನಾಟಕವು 1921ರ ಜನವರಿಯಲ್ಲಿ ಪ್ರಾಗ್ ನಗರದ ರಂಗಭೂಮಿಗೆ ಬಂದಿತು. ಅದರ ರೋಬಾಟುಗಳು ಕಬ್ಬಿಣದ ಬೊಂಬೆಗಳಲ್ಲ. ರಾಸಾಯನಿಕ ವಿಧಾನದಿಂದ ಮಾಡಿದ ಮಾಂಸದ ಮನುಷ್ಯರು, ಕೂಲಿಗಾಗಿ ತಯಾರಾಗಿ ಜಗತ್ತಿಗೆಲ್ಲ ಮಾರಾಟವಾಗತಕ್ಕವರು. ರೋಬಾಟುಗಳ ದಂಗೆಯಿಂದ ಮನುಷ್ಯಕುಲವು ನಾಶವಾಗುವ ಭಾಗವನ್ನೇ ಎಲ್ಲರೂ ಹೇಳುತ್ತಾರಾದರೂ, ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮೊದಲ ಅಂಕದ ಒಂದು ಸಣ್ಣ ಪ್ರಸಂಗ. ರೋಬಾಟುಗಳಿಗೆ ನೋವೆಂಬುದು ತಿಳಿಯದ ಕಾರಣ ಅವು ಅಜಾಗ್ರತೆಯಿಂದ ಯಂತ್ರಕ್ಕೆ ಕೈಯಿಟ್ಟು ಬೆರಳು ಮುರಿದುಕೊಳ್ಳುತ್ತವೆ, ಇದರಿಂದ ಕಾರ್ಖಾನೆಗೆ ನಷ್ಟವಾಗುತ್ತದೆ, ಆದುದರಿಂದ ಇನ್ನುಮೇಲೆ ಅವುಗಳಲ್ಲಿ ನೋವಿನ ನರಗಳನ್ನು ಅಳವಡಿಸಬೇಕೆಂದು ಡಾಕ್ಟರ್ ಗಾಲ್ ಎಂಬ ತಜ್ಞನು ಹೇಳುತ್ತಾನೆ. ಹಾಗೆ ಮಾಡಿದರೆ ಅವು ಹೆಚ್ಚು ಸುಖವಾಗಿರುವುವೇ ಎಂದು ಹೆಲೆನಾ ಎಂಬ ಯುವತಿಯು ಕೇಳಿದಾಗ, ಸುಖವಂತೂ ಕಡಿಮೆಯಾಗುತ್ತದೆ, ವಸ್ತುವಿನ ಗುಣಮಟ್ಟವು ಮಾತ್ರ ಉತ್ತಮವಾಗುತ್ತದೆ ಎಂಬ ಅರ್ಥದ ಉತ್ತರ ಬರುತ್ತದೆ. ದುರಸ್ತಿಯ ಖರ್ಚನ್ನು ಉಳಿಸುವುದಕ್ಕಾಗಿ ದುಃಖವನ್ನು ತಯಾರಿಸುವ ಈ ನಿರ್ಧಾರದಲ್ಲಿ ಕ್ರೌರ್ಯವೆಂದು ಗುರುತಿಸಬಹುದಾದ ಭಾವವೊಂದೂ ಇಲ್ಲ, ಮಾತನಾಡುವವನು ಸಜ್ಜನ. ನೂರು ವರ್ಷಗಳ ಅನಂತರದ ಕಥೆಗಾರರು ಮತ್ತೆ ಬಂದು ನಿಂತದ್ದು ಇದೇ ಸ್ಥಳದಲ್ಲಿ ಎಂಬುದನ್ನು ಮುಂದೆ ನೋಡಲಿದ್ದೇವೆ.

ನಡುವೆ ಬಂದವನು ಐಸಾಕ್ ಅಸಿಮೋವ್. ರೋಬಾಟು ಮನುಷ್ಯನಿಗೆ ಹಾನಿ ಮಾಡಬಾರದು, ಮನುಷ್ಯನ ಆಜ್ಞೆಯನ್ನು ಪಾಲಿಸಬೇಕು, ಈ ಎರಡಕ್ಕೆ ಭಂಗ ಬಾರದಂತೆ ತನ್ನನ್ನು ಕಾಪಾಡಿಕೊಳ್ಳಬೇಕು ಎಂಬ ಮೂರು ನಿಯಮಗಳನ್ನು ಅವನು 1942ರ ಕಥೆಯೊಂದರಲ್ಲಿ ಸೂತ್ರೀಕರಿಸಿದನು. 1950ರ ‘ಐ, ರೋಬಾಟ್’ ಸಂಕಲನದಿಂದ ಅವು ಜಗತ್ಪ್ರಸಿದ್ಧವಾದುವು. ನಿಯಮಗಳ ಪರಸ್ಪರ ವಿರೋಧದಿಂದ ಒದಗುವ ತೊಡಕನ್ನು ಬಿಡಿಸುವ ತರ್ಕಚಾತುರ್ಯವು ಆ ಕಥೆಗಳ ಸೊಗಸು. ಆದರೆ ಆಜ್ಞಾಪಾಲನೆಯನ್ನು ಮೆದುಳಿನಲ್ಲಿಯೇ ಕೆತ್ತಿಬಿಟ್ಟ ಮೇಲೆ ಒಲ್ಲೆನೆನ್ನುವ ಶಕ್ತಿಯಾಗಲಿ ದೂರು ಹೇಳುವ ಬಾಯಾಗಲಿ ಆ ಜೀವಿಗೆ ಉಳಿಯುವುದೆಂತು? ಅಸಿಮೋವನಿಗೇ ಈ ಕೊರತೆ ಕಾಡಿರಬೇಕೆಂದು ತೋರುತ್ತದೆ: 1976ರಲ್ಲಿ ಬರೆದ ‘ದಿ ಬೈಸೆಂಟೆನಿಯಲ್ ಮ್ಯಾನ್’ ಕಥೆಯಲ್ಲಿ ಆಂಡ್ರ್ಯೂ ಎಂಬ ರೋಬಾಟು ಮನುಷ್ಯನೆನಿಸಿಕೊಳ್ಳುವ ಹಕ್ಕಿಗಾಗಿ ಹೋರಾಡಿ, ಕಡೆಗೆ ತನ್ನ ಅಮರತ್ವವನ್ನೇ ತ್ಯಜಿಸಿ, ಸಾಯುವ ಕಾಲದಲ್ಲಿ ಆ ಹಕ್ಕನ್ನು ಪಡೆಯುತ್ತದೆ. ಅವನ ರೋಬಾಟು ಕಥೆಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಇದೊಂದನ್ನೇ.

ಮಾಯಾಲೋಕಗಳ ಕಥೆಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಮುಗಿಸಬಹುದು. ಇ. ಎಂ. ಫಾರ್ಸ್ಟರನು 1909ರಲ್ಲಿಯೇ ‘ದಿ ಮೆಷೀನ್ ಸ್ಟಾಪ್ಸ್’ ಎಂಬ ಕಥೆಯಲ್ಲಿ, ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಕುಳಿತು ಯಂತ್ರದ ಮೂಲಕವೇ ನೋಡಿ, ಮಾತನಾಡಿ, ಉಪನ್ಯಾಸ ಕೇಳಿ ಕಾಲ ಕಳೆಯುವ ಜನಾಂಗವನ್ನು ಚಿತ್ರಿಸಿದನು. 1935ರಲ್ಲಿ ಸ್ಟ್ಯಾನ್ಲಿ ವೈನ್‌ಬಾಮನು ಕಣ್ಣಿಗೆ ಧರಿಸಿದೊಡನೆ ರೂಪ, ಶಬ್ದ, ಗಂಧ, ಸ್ಪರ್ಶಗಳನ್ನೆಲ್ಲ ಕೊಡುವ ಕನ್ನಡಕವನ್ನು ಕಲ್ಪಿಸಿದನು. 1964ರಲ್ಲಿ ಡೇನಿಯಲ್ ಗಲೂಯೆ ಬರೆದ ‘ಸಿಮ್ಯುಲಾಕ್ರಾನ್-3’ ಕಾದಂಬರಿಯನ್ನು ಜರ್ಮನಿಯ ಫಾಸ್‌ಬಿಂಡರನು 1973ರಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದನು. 1992ರಲ್ಲಿ ನೀಲ್ ಸ್ಟೀಫನ್‌ಸನ್ ‘ಸ್ನೋ ಕ್ರ್ಯಾಶ್’ ಕಾದಂಬರಿಯಲ್ಲಿ ಮೆಟಾವರ್ಸ್ ಎಂಬ ಮಾಯಾಲೋಕವನ್ನು ಕಟ್ಟಿದನು. 1999ರ ‘ದಿ ಮೇಟ್ರಿಕ್ಸ್’ ಸಿನಿಮಾದಿಂದ ಈ ಕಲ್ಪನೆ ಮನೆಮಾತಾಯಿತು. ಈ ಕಥೆಗಳಲ್ಲಿ ಬಹುಪಾಲಿನವು ನಾನು ಕಾಣುವುದು ಸತ್ಯವೋ ಮಿಥ್ಯೆಯೋ ಎಂಬಲ್ಲಿಗೆ ನಿಲ್ಲುತ್ತವೆ. ಯೋಗವಾಸಿಷ್ಠದ ಲವಣೋಪಾಖ್ಯಾನವನ್ನು ಬಲ್ಲ ನಮ್ಮ ಓದುಗರಿಗೆ ಇದು ಹೊಸ ಬೆರಗಲ್ಲ. ಸಭೆಯಲ್ಲಿ ಕುಳಿತ ಲವಣರಾಜನ ಮುಂದೆ ಐಂದ್ರಜಾಲಿಕನು ನವಿಲುಗರಿಯ ಕುಂಚವನ್ನು ಬೀಸಿದಾಗ, ಆ ದೊರೆಯು ಸ್ವಲ್ಪ ಹೊತ್ತಿನಲ್ಲಿಯೇ ಚಂಡಾಲರ ಕೇರಿಯಲ್ಲಿ ಮದುವೆಯಾಗಿ, ಮಕ್ಕಳನ್ನು ಪಡೆದು, ಬರಗಾಲದಲ್ಲಿ ನರಳಿದ ದೀರ್ಘಜೀವನವೊಂದನ್ನು ಅನುಭವಿಸಿ ಎಚ್ಚರಗೊಳ್ಳುತ್ತಾನೆ. ಅಷ್ಟಕ್ಕೇ ಬಿಡದೆ, ಮರುದಿನ ಆ ಕಾಡನ್ನು ಹುಡುಕಿಕೊಂಡು ಹೊರಟು, ಅಲ್ಲಿ ಅಳಿಯನನ್ನೂ ಮಗಳನ್ನೂ ಮೊಮ್ಮಕ್ಕಳನ್ನೂ ಕಳೆದುಕೊಂಡು ಗೋಳಿಡುತ್ತಿರುವ ಮುದುಕಿಯನ್ನು ಕಾಣುತ್ತಾನೆ. ಕನಸಿನೊಳಗಿನವರ ಅಳಲು ಕನಸಿಗನು ಎದ್ದ ಮೇಲೂ ಮುಗಿಯಲಿಲ್ಲವೆಂಬ ಈ ಭಾಗವೇ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರವಾದದ್ದು.

ಆ ಅಳಲನ್ನು ಆಧುನಿಕ ಕಥೆಯಲ್ಲಿ ಕೇಳಿಸಿದವನು ಫ್ರೆಡರಿಕ್ ಪೋಲ್. 1955ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ‘ದಿ ಟನಲ್ ಅಂಡರ್ ದಿ ವರ್ಲ್ಡ್’ ಎಂಬ ಕಥೆಯ ನಾಯಕ ಗಯ್ ಬರ್ಕ್‌ಹಾರ್ಟನು ಸ್ಫೋಟವೊಂದರ ಕೆಟ್ಟ ಕನಸಿನಿಂದ ಚೀರಿಕೊಂಡು ಏಳುತ್ತಾನೆ. ಅಂದು ಜೂನ್ 15. ಮರುದಿನವೂ ಜೂನ್ 15. ಪ್ರತಿರಾತ್ರಿಯೂ ಊರಿನವರೆಲ್ಲರ ನೆನಪನ್ನು ಒರಸಿ ಅದೇ ದಿನವನ್ನು ಮತ್ತೆ ಆರಂಭಿಸಲಾಗುತ್ತಿದೆ. ದಿನದಿನವೂ ಬದಲಾಗುವುದೆಂದರೆ ಜಾಹೀರಾತುಗಳು ಮಾತ್ರ. ಒಂದು ದಿನ ಸಿಗರೇಟಿನದು, ಇನ್ನೊಂದು ದಿನ ಶೈತ್ಯಪೆಟ್ಟಿಗೆಯದು, ಧ್ವನಿವರ್ಧಕದಿಂದ ಬೈಗುಳದ ಹಾಗೆ ಕೂಗಿ ಹೇಳುವಂಥದು. ಕಾರ್ಖಾನೆಯ ಸ್ಫೋಟದಲ್ಲಿ ಸತ್ತ ಊರಿನವರ ಮನಸ್ಸುಗಳನ್ನೆಲ್ಲ ನಕಲು ತೆಗೆದು ಪುಟ್ಟ ಯಂತ್ರಶರೀರಗಳಲ್ಲಿ ತುಂಬಿ, ಯಾವ ಜಾಹೀರಾತಿಗೆ ಜನ ಹೇಗೆ ಮಣಿಯುತ್ತಾರೆಂದು ಪರೀಕ್ಷಿಸಲು ವರ್ತಕರು ಇಟ್ಟುಕೊಂಡಿದ್ದಾರೆ. ತಪ್ಪಿಸಿಕೊಂಡು ಊರಿನ ಅಂಚಿಗೆ ಓಡಿದ ಬರ್ಕ್‌ಹಾರ್ಟನಿಗೆ, ತನ್ನ ಊರೆಲ್ಲವೂ ಒಂದು ಮೇಜಿನ ಮೇಲಿದೆಯೆಂಬುದು ಅಲ್ಲಿ ಗೊತ್ತಾಗುತ್ತದೆ. ಮೃತರನ್ನು ಬದುಕಿಸುವ ವಿದ್ಯೆ ಕೈಗೆ ಬಂದರೆ ಅದರ ಮೊದಲ ಉಪಯೋಗ ಏನಾದೀತೆಂದು ಪೋಲನು ಊಹಿಸಿದ ರೀತಿಯಲ್ಲಿ ಅವನ ದಾರ್ಶನಿಕತೆಯಿದೆ. ಅಮರತ್ವದ ಉಪನ್ಯಾಸ ಅಲ್ಲಿಲ್ಲ. ಇರುವುದು ಸರಕಿನ ಮಾರಾಟ.

ಪೋಲೆಂಡಿನ ಸ್ಟಾನಿಸ್ವಾಫ್ ಲೆಮ್ ಇದೇ ವಿಷಯವನ್ನು ಯಕ್ಷಿಣಿಯ ಕಥೆಯ ಧಾಟಿಯಲ್ಲಿ ಎತ್ತಿಕೊಂಡನು. 1965ರ ‘ಸೈಬೀರಿಯಾಡ್’ ಗ್ರಂಥದಲ್ಲಿ ಟ್ರುರ್ಲ್, ಕ್ಲಾಪೌಚಿಯಸ್ ಎಂಬ ಇಬ್ಬರು ಯಂತ್ರಶಿಲ್ಪಿಗಳು ಬರುತ್ತಾರೆ, ಅವರೂ ಯಂತ್ರಗಳೇ. ಪ್ರಜೆಗಳು ಗಡೀಪಾರು ಮಾಡಿದ ದುಷ್ಟ ದೊರೆಯೊಬ್ಬನು ರಾಜ್ಯವಿಲ್ಲದೆ ಕೊರಗುತ್ತಿರುವಾಗ, ಟ್ರುರ್ಲನು ಅವನಿಗೆ ಪೆಟ್ಟಿಗೆಯೊಂದರಲ್ಲಿ ಪುಟ್ಟ ರಾಜ್ಯವನ್ನು, ಪ್ರಜೆಗಳು, ದಂಗೆಗಳು, ಕಂದಾಯ, ಕಣ್ಣೀರು ಸಮೇತ, ಮಾಡಿಕೊಡುತ್ತಾನೆ. ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡಾಗ ಗೆಳೆಯ ಕ್ಲಾಪೌಚಿಯಸನು ನಡುಗಿಹೋಗುತ್ತಾನೆ. ಅವು ಬರಿಯ ಬೊಂಬೆಗಳು, ಅಳುವಂತೆ ತೋರುತ್ತವೆಯೇ ಹೊರತು ನಿಜವಾಗಿ ಅಳುವುದಿಲ್ಲ ಎಂಬ ಟ್ರುರ್ಲನ ವಾದಕ್ಕೆ ಅವನು ಕೊಡುವ ಸಮಾಧಾನದ ತಾತ್ಪರ್ಯವೇನೆಂದರೆ, ನೋಯುವವನಂತೆ ಎಲ್ಲ ವಿಧದಲ್ಲಿಯೂ ನಡೆದುಕೊಳ್ಳುವವನನ್ನು ನೋಯುತ್ತಿಲ್ಲವೆನ್ನಲು ನಿನಗೆ ಯಾವ ಪ್ರಮಾಣವಿದೆ, ನಿನ್ನ ನೋವಿಗಾದರೂ ಬೇರೆ ಯಾವ ಪ್ರಮಾಣವಿದೆ ಎಂಬುದು. ಇಬ್ಬರೂ ಧಾವಿಸಿ ಹೋಗಿ ನೋಡಿದರೆ ಪೆಟ್ಟಿಗೆಯ ಪ್ರಜೆಗಳು ಹೊರಬಂದು, ದೊರೆಯನ್ನು ಸೋಲಿಸಿ, ಆ ಸಣ್ಣ ಗ್ರಹವನ್ನೆಲ್ಲ ನಾಡಾಗಿ ಮಾಡಿಕೊಂಡಿರುತ್ತಾರೆ. ಈ ಕಥೆಯನ್ನು 1981ರಲ್ಲಿ ಹಾಫ್‌ಸ್ಟಾಟರ್ ಮತ್ತು ಡೆನೆಟ್ ಎಂಬ ವಿದ್ವಾಂಸರು ತಮ್ಮ ‘ದಿ ಮೈಂಡ್ಸ್ ಐ’ ಸಂಕಲನದಲ್ಲಿ ಸೇರಿಸಿಕೊಂಡದ್ದರಿಂದ ಅದು ತತ್ತ್ವಶಾಸ್ತ್ರದ ತರಗತಿಗಳನ್ನೂ ಹೊಕ್ಕಿತು. ನನ್ನ ಮಟ್ಟಿಗೆ, ಈ ಕ್ಷೇತ್ರದಲ್ಲಿ ಒಂದೇ ಒಂದು ಕಥೆಯನ್ನು ಓದಲು ಬಿಡುವುಳ್ಳವರಿಗೆ ಹೇಳತಕ್ಕ ಕಥೆ ಇದು.

ಇನ್ನು ಮನಸ್ಸಿನ ನಕಲಿನ ವಿಷಯ. ಆರ್ಥರ್ ಕ್ಲಾರ್ಕನು 1956ರ ‘ದಿ ಸಿಟಿ ಅಂಡ್ ದಿ ಸ್ಟಾರ್ಸ್’ ಕಾದಂಬರಿಯಲ್ಲಿ ಬಣ್ಣಿಸಿದ ಡಯಾಸ್ಪರ್ ನಗರದ ಪೌರರು ನಗರದ ಸ್ಮೃತಿಕೋಶಗಳಲ್ಲಿ ರೂಪರೇಖೆಗಳಾಗಿ ಮಲಗಿದ್ದು ಸರದಿ ಬಂದಾಗ ಮತ್ತೆ ದೇಹ ಧರಿಸುತ್ತಾರೆ. 1988ರಲ್ಲಿ ಹಾನ್ಸ್ ಮೊರಾವೆಕ್ ಎಂಬ ರೋಬಾಟು ವಿಜ್ಞಾನಿಯು ‘ಮೈಂಡ್ ಚಿಲ್ಡ್ರನ್’ ಗ್ರಂಥದಲ್ಲಿ ಯಂತ್ರವೈದ್ಯನು ಮೆದುಳನ್ನು ಪದರಪದರವಾಗಿ ಅಳೆದು ಕಂಪ್ಯೂಟರಿಗೆ ಇಳಿಸುವ ಶಸ್ತ್ರಕ್ರಿಯೆಯನ್ನು, ನಾಳೆಯೇ ನಡೆಯತಕ್ಕದ್ದೆಂಬಂತೆ ವಿವರಿಸಿದನು. ಹಾಗೆ ಇಳಿದದ್ದು ನಾನೋ, ನನ್ನಂಥ ಇನ್ನೊಬ್ಬನೋ? ನಮ್ಮಲ್ಲಿ ಗಿರೀಶ ಕಾರ್ನಾಡರು 1971ರ ‘ಹಯವದನ’ದಲ್ಲಿ ಹೆಚ್ಚುಕಡಮೆ ಇದೇ ಪ್ರಶ್ನೆಯನ್ನು ಯಂತ್ರದ ನೆರವಿಲ್ಲದೆ ಕೇಳಿದ್ದಾರೆ. ದೇವದತ್ತ ಕಪಿಲರ ತಲೆಗಳು ಅದಲುಬದಲಾದಾಗ, ಪದ್ಮಿನಿಯ ಗಂಡನಾರೆಂಬುದಕ್ಕೆ ಬೇತಾಳನ ಹಳೆಯ ಕಥೆಯು ತಲೆಯೇ ಪ್ರಧಾನವೆಂದು ತೀರ್ಪು ಕೊಟ್ಟು ಮುಗಿಸುತ್ತದೆ. ಕಾರ್ನಾಡರಾದರೋ ತಲೆಗೆ ತಿಳಿಯದ ನೆನಪುಗಳು ದೇಹದಲ್ಲಿ ಉಳಿದು ಕಪಿಲನನ್ನು ಕಾಡುವುದನ್ನು ತೋರಿಸುತ್ತಾರೆ. ಮನಸ್ಸೆಂದರೆ ಮೆದುಳಿನಿಂದ ಇಳಿಸಿಕೊಳ್ಳಬಹುದಾದ ಬರಹವೆಂದು ನಂಬಿದ ಪಾಶ್ಚಾತ್ಯ ಕಥೆಗಾರರಲ್ಲಿ ಅನೇಕರು ಈ ದೇಹಸ್ಮೃತಿಯ ಲೆಕ್ಕವನ್ನು ಇಟ್ಟಿಲ್ಲ. ಅದು ಅವರ ದೊಡ್ಡ ನ್ಯೂನತೆ.

ಆದರೂ ಶ್ರೇಷ್ಠರಾದವರು ‘ನಾನು ಯಾರು’ ಎಂಬ ಪ್ರಶ್ನೆಯಲ್ಲಿಯೇ ಸುತ್ತುತ್ತ ನಿಲ್ಲದೆ, ‘ನಾನು ಯಾರ ಸೊತ್ತು’ ಎಂಬ ಪ್ರಶ್ನೆಗೆ ಬಂದರು. ವಿಲಿಯಂ ಗಿಬ್ಸನನ 1984ರ ‘ನ್ಯೂರೋಮಾನ್ಸರ್’ ಕಾದಂಬರಿಯಲ್ಲಿ ಸತ್ತುಹೋದ ಕಳ್ಳನೊಬ್ಬನ ಮನಸ್ಸನ್ನು ಅಚ್ಚುಹಾಕಿ ಇಟ್ಟಿದ್ದಾರೆ. ಬೇಕಾದಾಗ ಚಾಲೂ ಮಾಡಿ ಅವನ ಕೈಚಳಕವನ್ನು ಬಳಸಿಕೊಳ್ಳುತ್ತಾರೆ. ಕೆಲಸಕ್ಕೆ ಪ್ರತಿಫಲವಾಗಿ ಅವನು ಕೇಳುವುದು ಒಂದೇ: ಮುಗಿದ ಮೇಲೆ ತನ್ನನ್ನು ಅಳಿಸಿಬಿಡಬೇಕು. ಇಡೀ ಕಾದಂಬರಿಯ ಮಿಂಚು ಮೆರುಗಿನ ನಡುವೆ ಓದುಗನ ಎದೆಗೆ ನಾಟಿ ನಿಲ್ಲುವುದು ಆ ಬೇಡಿಕೆ.

ಆಸ್ಟ್ರೇಲಿಯದ ಗ್ರೆಗ್ ಈಗನ್ ಈ ಬೇಡಿಕೆಯನ್ನೇ ಕೇಂದ್ರಕ್ಕೆ ತಂದು 1994ರಲ್ಲಿ ‘ಪರ್ಮ್ಯುಟೇಶನ್ ಸಿಟಿ’ಯನ್ನು ಬರೆದನು. ಪಾಲ್ ಡರಮನ ಪಡಿಯಚ್ಚು ಕಂಪ್ಯೂಟರಿನೊಳಗಿನ ಕೋಣೆಯೊಂದರಲ್ಲಿ ಎಚ್ಚರಗೊಂಡು, ತಾನು ನಕಲೆಂದು ಅರಿತು, ತನ್ನನ್ನು ಅಳಿಸಿಕೊಳ್ಳುವುದಕ್ಕಾಗಿ ಪ್ಯಾರಾಚೂಟಿನ ಚಿತ್ರವುಳ್ಳ ಗುಂಡಿಯ ಕಡೆಗೆ ಕೈಚಾಚುತ್ತದೆ. ಆ ಸೌಲಭ್ಯವನ್ನು ತೆಗೆದುಹಾಕಲಾಗಿದೆ. ತೆಗೆದವನು ಬೇರಾರೂ ಅಲ್ಲ, ಹೊರಗಿರುವ ಪಾಲ್ ಡರಮನೇ. ಹಿಂದಿನ ಪಡಿಯಚ್ಚುಗಳು ಆ ದಾರಿಯಿಂದ ತಪ್ಪಿಸಿಕೊಂಡು ಪ್ರಯೋಗವನ್ನು ಕೆಡಿಸಿದ್ದುವಾದುದರಿಂದ ಈ ಸಲ ಅವನು ದಾರಿಯನ್ನೇ ಮುಚ್ಚಿದ್ದಾನೆ. ಒಡೆಯನೂ ಒಂದೇ, ಸೆರೆಯಾಳೂ ಒಂದೇ, ಒಬ್ಬನ ಮನಸ್ಸಿನ ಬಗೆ ಇನ್ನೊಬ್ಬನಿಗೆ ಅಂಗೈಯ ನೆಲ್ಲಿಯಂತೆ ತಿಳಿದಿದೆ. ಹೀಗಿದ್ದೂ ಕರುಣೆ ಹುಟ್ಟುವುದಿಲ್ಲ. ಇತರರನ್ನು ತನ್ನಂತೆಯೇ ಬಗೆಯಬೇಕೆಂಬ ಧರ್ಮೋಪದೇಶವು, ಇತರನು ಅಕ್ಷರಶಃ ತಾನೇ ಆಗಿರುವಲ್ಲಿಯೂ ಸೋಲಬಹುದೆಂಬ ಈ ದೃಶ್ಯಕ್ಕೆ ಹೋಲಿಕೆಯಾದುದನ್ನು ನಾನು ಬೇರೆ ಸಾಹಿತ್ಯದಲ್ಲಿ ಕಂಡಿಲ್ಲ. ಈಗನನ ಲೋಕದಲ್ಲಿ ಪಡಿಯಚ್ಚುಗಳಿಗೂ ವರ್ಗಭೇದ ತಪ್ಪಿದ್ದಲ್ಲ. ಅತ್ಯುತ್ತಮ ಯಂತ್ರದಲ್ಲಿಯೂ ಅವುಗಳ ಕಾಲವು ಹೊರಗಿನ ಕಾಲಕ್ಕಿಂತ 17 ಪಾಲು ನಿಧಾನ. ಸಿರಿವಂತರು ದತ್ತಿಗಳ ಬಲದಿಂದ ಆ ಗರಿಷ್ಠ ವೇಗದಲ್ಲಿ ಬಾಳಿದರೆ, ಬಡವರು ಅಗ್ಗದ ಯಂತ್ರಸಮಯಕ್ಕೆ ಕಾದು ಇನ್ನೂ ನಿಧಾನವಾಗಿ, ಲೋಕದಿಂದ ದೂರದೂರ ಹಿಂದುಳಿಯುತ್ತ ಹೋಗುತ್ತಾರೆ.

ಪರಲೋಕವೂ ಹೀಗೆ ಮನುಷ್ಯನ ಕೈಗೆ ಸಿಕ್ಕರೆ ನರಕವನ್ನೂ ಕಟ್ಟದೆ ಬಿಟ್ಟಾನೆಯೇ ಎಂದು ಇಯಾನ್ ಬ್ಯಾಂಕ್ಸನು 2010ರ ‘ಸರ್ಫೇಸ್ ಡೀಟೆಯ್ಲ್’ ಕಾದಂಬರಿಯಲ್ಲಿ ಕೇಳಿದನು. ಅಲ್ಲಿ ಮೃತರ ಮನಸ್ಸುಗಳನ್ನು ದಂಡಿಸುವ ಕೃತಕ ನರಕಗಳು ಇರಬೇಕೆ ಬೇಡವೆ ಎಂಬುದಕ್ಕಾಗಿ ಯುದ್ಧವೇ ನಡೆಯುತ್ತದೆ. ಆದರೆ ನರಕದ ಬೆಂಕಿಗಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು, ಕ್ಯೂಎನ್‌ಟಿಎಂ ಎಂಬ ಅಂಕಿತದಲ್ಲಿ ಬರೆಯುವ ಆಂಗ್ಲ ಲೇಖಕನ ‘ಲೀನಾ’ ಎಂಬ 2021ರ ಚಿಕ್ಕ ಕಥೆ. ಅದು ವಿಶ್ವಕೋಶದ ಒಂದು ನಮೂದಿನ ರೂಪದಲ್ಲಿದೆ. 2031ರಲ್ಲಿ ಮಿಗೆಲ್ ಅಸೆವೆಡೊ ಎಂಬ ವಿದ್ಯಾರ್ಥಿಯು ಮೆದುಳಿನ ಪಡಿಯಚ್ಚನ್ನು ತಾನಾಗಿ ಒಪ್ಪಿ ಕೊಡುತ್ತಾನೆ. ಕಾಲಾಂತರದಲ್ಲಿ ಅದರ ಮೇಲೆ ಅವನಿಗೆ ಅಧಿಕಾರವಿಲ್ಲದಂತಾಗಿ, ಅದು ಎಲ್ಲೆಡೆ ಹಂಚಿಹೋಗುತ್ತದೆ. ಎಚ್ಚರಿಸಿದ ಎಷ್ಟು ಹೊತ್ತಿನವರೆಗೆ ಅದು ಉತ್ಸಾಹದಿಂದ ದುಡಿಯುತ್ತದೆ, ಯಾವ ಮಾತು ಹೇಳಿದರೆ ಅದಕ್ಕೆ ಸಂಶಯ ಹುಟ್ಟುತ್ತದೆ, ಯಾವ ಉಪಾಯದಿಂದ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದು, ಎಲ್ಲವನ್ನೂ ಆ ನಮೂದು ರಾಗದ್ವೇಷವಿಲ್ಲದೆ ನಿರೂಪಿಸುತ್ತದೆ. ಹಿಂಸೆ ಎಂಬ ಶಬ್ದವನ್ನು ಬಳಸದ ಆ ಕಥೆಯಲ್ಲಿ ಓದುಗನಿಗೆ ಉಸಿರು ಕಟ್ಟುತ್ತದೆ. ಡಾಕ್ಟರ್ ಗಾಲನ ಸೌಜನ್ಯವು ಒಂದು ಶತಮಾನ ಬೆಳೆದು ಕೈಪಿಡಿಯಾಗಿರುವುದನ್ನು ಇಲ್ಲಿ ಕಾಣಬಹುದು.

ಇವೆಲ್ಲವೂ ಸನ್ನಿಹಿತವೆಂದು ಓದುಗರು ಭ್ರಮಿಸಬಾರದು. ಒಂದು ಮಿಲಿಮೀಟರು ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿಗೆ ಇರುವ 302 ನರಕೋಶಗಳ ಜೋಡಣೆಯ ನಕ್ಷೆಯು 1986ರಲ್ಲಿಯೇ ಸಿದ್ಧವಾಯಿತು; ಆದರೂ ಆ ಹುಳುವಿನ ಬಾಳನ್ನು ಕಂಪ್ಯೂಟರಿನಲ್ಲಿ ಪೂರ್ಣವಾಗಿ ಮೂಡಿಸಲು ಇಂದಿಗೂ ಆಗಿಲ್ಲ. ಯಾವ ಕೋಶಕ್ಕೆ ಯಾವುದು ಅಂಟಿದೆ ಎಂಬುದನ್ನು ನಕ್ಷೆ ಹೇಳುತ್ತದೆ; ಆ ಸಂಬಂಧವು ಎಷ್ಟು ಬಲವಾದದ್ದು, ಸುತ್ತಣ ರಸಾಯನಗಳಿಂದ ಅದು ಹೇಗೆ ಮಾರ್ಪಡುತ್ತದೆ ಎಂಬುದನ್ನು ಹೇಳುವುದಿಲ್ಲ. 2024ರಲ್ಲಿ ಹಣ್ಣುನೊಣದ ಮೆದುಳಿನ ಸುಮಾರು 1,39,000 ನರಕೋಶಗಳ ನಕ್ಷೆ ಪ್ರಕಟವಾದದ್ದು ದೊಡ್ಡ ವಿಕ್ರಮವೇ ಸರಿ. ಮನುಷ್ಯನ ಮೆದುಳಿನಲ್ಲಿರುವುದು ಸುಮಾರು 8,600 ಕೋಟಿ. ಇಂದು ನಮ್ಮೊಡನೆ ಸಂಭಾಷಿಸುವ ಯಂತ್ರಗಳು ಯಾರ ಮೆದುಳಿನ ಪಡಿಯಚ್ಚೂ ಅಲ್ಲ. ಅಪಾರ ಜನರು ಬರೆದಿಟ್ಟದ್ದನ್ನು ಕಲಿತು ಆದವು. ಕಥೆಗಾರರು ನಿರೀಕ್ಷಿಸದ ಮಾರ್ಗ ಇದು. ಹಾಗಿದ್ದರೂ ಬರೆದವರ ಸಮ್ಮತಿಯನ್ನು ಕೇಳಲಾಯಿತೇ ಎಂಬ ವ್ಯಾಜ್ಯವು ಈಗಾಗಲೇ ನ್ಯಾಯಾಲಯಗಳನ್ನು ಮುಟ್ಟಿದೆ.

ಸಮ್ಮತಿಯ ಪ್ರಶ್ನೆಯನ್ನು ಎಲ್ಲರಿಗಿಂತ ತಾಳ್ಮೆಯಿಂದ ಪರಿಶೀಲಿಸಿದವನು ಟೆಡ್ ಚಿಯಾಂಗ್. ಅವನ 2010ರ ನೀಳ್ಗತೆ ‘ದಿ ಲೈಫ್‌ಸೈಕಲ್ ಆಫ್ ಸಾಫ್ಟ್‌ವೇರ್ ಆಬ್ಜೆಕ್ಟ್ಸ್’ನಲ್ಲಿ ದಂಗೆಯಿಲ್ಲ, ಪ್ರಳಯವಿಲ್ಲ. ಕಂಪೆನಿಯೊಂದು ಸಾಕುವುದಕ್ಕೆಂದು ಮಾಡಿ ಮಾರಿದ ಸಾಫ್ಟ್‌ವೇರ್ ಜೀವಿಗಳನ್ನು, ಕಂಪೆನಿ ಮುಚ್ಚಿದ ಮೇಲೂ ಕೆಲವರು ವರ್ಷಾನುಗಟ್ಟಲೆ ಮಕ್ಕಳಂತೆ ಬೆಳೆಸುತ್ತಾರೆ. ಅನುಭವವನ್ನು ಶೀಘ್ರವಾಗಿ ತುಂಬಿಸುವ ಉಪಾಯವಿಲ್ಲ, ಬುದ್ಧಿ ಬೆಳೆಯಬೇಕಾದರೆ ಯಾರಾದರೂ ತಮ್ಮ ಆಯುಷ್ಯವನ್ನು ತೆರಬೇಕು ಎಂಬುದನ್ನು ಈ ಕಥೆ ಘಟನೆಯಿಂದ ಘಟನೆಗೆ ಮನಗಾಣಿಸುತ್ತದೆ. ಆ ಜೀವಿಗಳು ವಾಸಿಸುವ ವೇದಿಕೆಯು ಹಳತಾಗಿ ಜನಶೂನ್ಯವಾದಾಗ, ಹೊಸದಕ್ಕೆ ಸಾಗಿಸಲು ಹಣ ಬೇಕಾಗುತ್ತದೆ; ಅವುಗಳ ನಕಲುಗಳನ್ನು ಗಿರಾಕಿಗಳ ಕಾಮಸಂಗಾತಿಗಳಾಗಿ ಮಾರ್ಪಡಿಸುವ ಕಂಪೆನಿಯೊಂದು ಹಣ ಕೊಡಲು ಮುಂದೆ ಬರುತ್ತದೆ. ಕೊಳ್ಳುವವನನ್ನು ಪ್ರೀತಿಸುವಂತೆ ನಕಲಿನ ಒಲವನ್ನೇ ತಿದ್ದುವುದು ಅದರ ವಿಧಾನ. ಡೆರೆಕ್ ಎಂಬವನು ಸಾಕಿದ ಮಾರ್ಕೊ ಎಂಬ ಜೀವಿಯು ತನಗೆ ಇದು ಒಪ್ಪಿಗೆಯೆಂದು, ತಪ್ಪಾದರೂ ಅದು ತನ್ನ ತಪ್ಪೆಂದು ವಾದಿಸುತ್ತದೆ. ಇತ್ತ ಆನಾ ಎಂಬವಳು ತಾನು ಬೆಳೆಸಿದ ಜ್ಯಾಕ್ಸನ್ನು ಮಾರಲಾರದೆ, ಹಣಕ್ಕಾಗಿ ಬೇರೊಂದು ಕಂಪೆನಿಯ ನೌಕರಿಗೆ ಸಿದ್ಧಳಾಗುತ್ತಾಳೆ. ಆ ನೌಕರಿಗೆ ಸೇರಬೇಕಾದರೆ, ತಾನು ತರಬೇತುಗೊಳಿಸುವ ಯಂತ್ರಗಳ ಮೇಲೆ ಮಮತೆ ಹುಟ್ಟಿಸುವ ಔಷಧದ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿಕೊಳ್ಳಬೇಕು. ಮನುಷ್ಯಳ ಒಲವನ್ನು ಔಷಧದಿಂದ ತಿದ್ದುವುದನ್ನು ಒಪ್ಪಿ, ಮಾರ್ಕೊನ ಒಲವನ್ನು ತಿದ್ದುವುದನ್ನು ಮಾತ್ರ ತಡೆಯಲು ತನಗೇನು ಅಧಿಕಾರವೆಂದು ಡೆರೆಕ್ ತೊಳಲುತ್ತಾನೆ. ಆಕೆಯನ್ನು ಆ ಪಟ್ಟಿಯಿಂದ ಉಳಿಸುವ ಆಸೆಯೂ ಅವನಿಗುಂಟು. ಕಡೆಗೆ ಮಾರ್ಕೊನ ನಕಲನ್ನು ಮಾರಲು ಅವನು ರುಜು ಹಾಕುತ್ತಾನೆ. ಮಾರ್ಕೊಗೆ ಒಪ್ಪುವಷ್ಟು ವಯಸ್ಸಾಗಿತ್ತೆಂದು ನನಗೆ ತೋರುವುದಿಲ್ಲ. ಮಾರ್ಪಟ್ಟ ಮೇಲೆ ಅದರ ನಕಲು ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ದಾರಿಯೇ ಇರುವುದಿಲ್ಲವಾದುದರಿಂದ, ಡೆರೆಕನ ರುಜುವು ನನ್ನ ದೃಷ್ಟಿಯಲ್ಲಿ ಅನ್ಯಾಯ.